ಹಣ್ಣಿನ ಉಳಿಕೆಯೂ ಸಣ್ಣ ರೈತನ ಗೋದಲಿಯೂ: ಒಂದು ಚಾರಿತ್ರಿಕ ಅವಲೋಕನ

೧

ರಾಜವಂಶಗಳ ಏಳುಬೀಳುಗಳನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಬರೆದಿದ್ದೇವೆ. ಆ ರಾಜ್ಯಗಳ ನೇಗಿಲನ್ನೆಳೆದ, ಬಂಡಿಯನ್ನೆಳೆದ, ಹಾಲು ಕರೆದ ದನಕರುಗಳು ಏನನ್ನು ತಿಂದು ಬದುಕಿದುವೆಂಬ ವಿಷಯದಲ್ಲಿ ಮಾತ್ರ ನಮ್ಮ ಚರಿತ್ರಕಾರರು ಹೆಚ್ಚು ಆಸಕ್ತಿ ವಹಿಸಿದಂತೆ ಕಾಣುವುದಿಲ್ಲ. ಮೇವಿನ ಪ್ರಶ್ನೆ ಪಶುವೈದ್ಯರಿಗೂ ರಸಾಯನಶಾಸ್ತ್ರಜ್ಞರಿಗೂ ಸೇರಿದ್ದು, ಚರಿತ್ರೆಗೆ ಸೇರಿದ್ದಲ್ಲ ಎಂಬ ಭಾವನೆಯೇ ಇದಕ್ಕೆ ಕಾರಣವಾಗಿರಬಹುದು. ಈ ಭಾವನೆ ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಒಂದು ವಸ್ತು ಯಾವಾಗ ಕಸವೆನಿಸಿಕೊಳ್ಳುತ್ತದೆ, ಯಾವಾಗ ಮೇವಾಗುತ್ತದೆ, ಯಾವಾಗ ಬೆಲೆಯುಳ್ಳ ಸರಕಾಗಿ ಬಡವನ ಕೈತಪ್ಪಿ ಹೋಗುತ್ತದೆ ಎಂಬುದು ಚರಿತ್ರೆಯ ಪ್ರಶ್ನೆಯೇ ಸರಿ.

ಹಣ್ಣಿನ ಸಿಪ್ಪೆ, ಹಿಪ್ಪೆ, ಬೀಜಗಳಿಂದ ಸಣ್ಣ ಹಿಡುವಳಿದಾರರ ದನಗಳಿಗೆ ಅಗ್ಗದ ಪೂರಕ ಆಹಾರವನ್ನು ಸಿದ್ಧಪಡಿಸುವ ವಿಚಾರ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಇದು ಹೊಸದಾಗಿ ಹೊಳೆದ ಉಪಾಯವೆಂಬಂತೆ ಹಲವರು ಮಾತನಾಡುತ್ತಾರೆ. ವಾಸ್ತವವಾಗಿ ಇದಕ್ಕೆ ಒಂದು ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. ಆ ಇತಿಹಾಸವನ್ನು ಸ್ಥೂಲವಾಗಿ ಪರಿಶೀಲಿಸಿ, ಈ ಉಳಿಕೆಗಳಿಂದ ಸಣ್ಣ ರೈತನಿಗೆ ಎಲ್ಲಿ ಪ್ರಯೋಜನವಾಯಿತು, ಎಲ್ಲಿ ಆಗಲಿಲ್ಲ ಎಂಬುದನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮನೆಯ ಹಿತ್ತಿಲಲ್ಲಿ ಒಂದು ಹಸುವಿದ್ದ ಸಂಸಾರದಲ್ಲಿ ಹಣ್ಣಿನ ತ್ಯಾಜ್ಯವೆಂಬ ವಸ್ತುವೇ ಇರಲಿಲ್ಲ. ಅಕ್ಕಿ ತೊಳೆದ ನೀರು, ತರಕಾರಿಯ ಸಿಪ್ಪೆ, ಮಿಕ್ಕ ಅನ್ನದ ಗಂಜಿ ಎಲ್ಲವೂ ಕಲಗಚ್ಚಿನ ಬಾನಿಗೆ ಸೇರುತ್ತಿದ್ದುವು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಇದನ್ನೇ ಅಕ್ಕಚ್ಚು ಎನ್ನುವರು. ಬಾಳೆಯ ಸಿಪ್ಪೆ ನೇರವಾಗಿ ದನದ ಬಾಯಿಗೆ ಹೋಗುತ್ತಿತ್ತು. ಹಲಸಿನ ಕಾಲದಲ್ಲಿ ತೊಳೆ ಬಿಡಿಸಿದ ಮೇಲೆ ಉಳಿದ ಭಾಗವು ಕೊಟ್ಟಿಗೆಯ ಪಾಲು. ಹಸುವುಳ್ಳ ಹಳ್ಳಿಯ ಮನೆಗಳಲ್ಲಿ ಇಂದಿಗೂ ಈ ಪದ್ಧತಿಯನ್ನು ಕಾಣಬಹುದು.

ಆದರೆ ಇಂತಹ ವಿಷಯಗಳಿಗೆ ಲಿಖಿತ ಆಧಾರ ದೊರೆಯುವುದು ಅಪೂರ್ವ. ಕನ್ನಡದಲ್ಲಿ ಪಶುಚಿಕಿತ್ಸೆಯನ್ನು ಕುರಿತ ಗ್ರಂಥಪರಂಪರೆ ಹಳೆಯದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಸಹೋದರನಾದ ಕೀರ್ತಿವರ್ಮನ ‘ಗೋವೈದ್ಯ’ ಇದಕ್ಕೆ ಸಾಕ್ಷಿ. ಮೈಸೂರಿನ ಅರಸರು ಅಮೃತಮಹಲ್ ತಳಿಯ ರಾಸುಗಳನ್ನು ಸಾಕಿ, ಅವುಗಳಿಗಾಗಿ ಕಾವಲುಗಳನ್ನು ಮೀಸಲಿಟ್ಟುದೂ ಸುಪ್ರಸಿದ್ಧವೇ. ಆದರೆ ಇವೆಲ್ಲ ಒಂದೋ ರೋಗದ ಸುದ್ದಿ, ಇಲ್ಲವೇ ಅರಮನೆಯ ದನಗಳ ಸುದ್ದಿ. ಎರಡು ಎಕರೆಯ ಒಕ್ಕಲಿನ ಮನೆಯ ಹಸು ಏನು ತಿಂದಿತೆಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ದಾನಕ್ಕೆ ಕೊಟ್ಟ ಗೋವುಗಳು ಶಾಸನಗಳಲ್ಲಿವೆ. ಅವುಗಳ ಗೋದಲಿ ಶಾಸನಗಳಲ್ಲಿಲ್ಲ. ಆದುದರಿಂದ ಈ ವಿಷಯದಲ್ಲಿ ನಮಗೆ ದೊರೆಯುವ ಕ್ರಮಬದ್ಧ ದಾಖಲೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮೊದಲಾಗುತ್ತವೆ.

೩

ಇಂಗ್ಲೆಂಡಿನ ರಾಯಲ್ ಕೃಷಿ ಸಂಘದ ರಸಾಯನಶಾಸ್ತ್ರಜ್ಞರಾಗಿದ್ದ ಜಾನ್ ಅಗಸ್ಟಸ್ ವೋಲ್ಕರ್ ಅವರು ೧೮೮೯ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಬೇಸಾಯವನ್ನು ಪರಿಶೀಲಿಸಿದರು. ೧೮೯೩ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಪ್ರಸ್ತುತವಾದ ಒಂದು ಅಂಶವಿದೆ. ಎಣ್ಣೆಬೀಜಗಳನ್ನು ಹಾಗೆಯೇ ಹೊರದೇಶಕ್ಕೆ ಕಳುಹಿಸುವುದರಿಂದ ನೆಲದ ಸಾರವೂ ಅವುಗಳೊಡನೆ ಹೊರಟುಹೋಗುತ್ತದೆ. ಎಣ್ಣೆಯನ್ನು ಇಲ್ಲಿಯೇ ತೆಗೆದು ಹಿಂಡಿಯನ್ನು ಇಲ್ಲಿಯೇ ಉಳಿಸಿಕೊಳ್ಳುವುದು ಲೇಸು ಎಂಬುದು ಅವರ ಅಭಿಪ್ರಾಯದ ತಾತ್ಪರ್ಯ. ಉಳಿಕೆಗೆ ಬೆಲೆ ಬಂದೊಡನೆ ಅದು ದೂರದ ದನಗಳ ಪಾಲಾಗುತ್ತದೆಂಬ ಸತ್ಯವು ಹಿಂಡಿಯ ವಿಷಯದಲ್ಲಿ ಅಂದೇ ಗೋಚರವಾಗಿತ್ತು.

ಲಾರ್ಡ್ ಲಿನ್‌ಲಿತ್‌ಗೋ ಅವರ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗವು ೧೯೨೮ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ದನಗಳ ಸಂಖ್ಯೆ ಮತ್ತು ಮೇವಿನ ಅಭಾವಗಳ ನಡುವಣ ವಿಷಚಕ್ರವನ್ನು ಅದು ವಿವರಿಸಿತು. ಮೇವಿಲ್ಲದೆ ರಾಸುಗಳು ಸೊರಗುತ್ತವೆ. ಸೊರಗಿದ ರಾಸುಗಳಿಂದ ಕೆಲಸ ಸಾಗದೆ ರೈತನು ಇನ್ನಷ್ಟು ರಾಸುಗಳನ್ನು ಇಟ್ಟುಕೊಳ್ಳುತ್ತಾನೆ. ಆಗ ಇದ್ದ ಮೇವೂ ಸಾಲದೆ ಹೋಗುತ್ತದೆ. ಈ ಚಕ್ರವನ್ನು ಮುರಿಯಲು ಮೇವಿನ ಗುಣವನ್ನು ಅಳೆದು ನೋಡುವ ವಿಜ್ಞಾನ ಬೇಕಾಗಿತ್ತು.

ಆ ವಿಜ್ಞಾನವು ಭಾರತದಲ್ಲಿ ಬೇರೂರಿದ ಸ್ಥಳಗಳಲ್ಲಿ ನಮ್ಮ ಬೆಂಗಳೂರೂ ಒಂದು. ೧೯೨೩ರಲ್ಲಿ ಇಲ್ಲಿ ಇಂಪೀರಿಯಲ್ ಪಶುಪಾಲನೆ ಮತ್ತು ಕ್ಷೀರೋದ್ಯಮ ಸಂಸ್ಥೆಯು ಪ್ರಾರಂಭವಾಯಿತು. ಎಫ್. ಜೆ. ವಾರ್ತ್ ಅವರು ಇಲ್ಲಿಯೇ ಹುಲ್ಲು, ಮೇವುಗಳ ಪೋಷಕಶಕ್ತಿಯನ್ನು ಕುರಿತು ಪ್ರಯೋಗಗಳನ್ನು ನಡೆಸಿದರು. ೧೯೨೭ರಲ್ಲಿ ಆರೋಗ್ಯ ಸುಧಾರಣೆಗಾಗಿ ಮೈಸೂರು ಸಂಸ್ಥಾನದಲ್ಲಿ ತಂಗಿದ್ದ ಮಹಾತ್ಮಾ ಗಾಂಧಿಯವರು ಈ ಸಂಸ್ಥೆಗೆ ಬಂದು, ವಿಲಿಯಂ ಸ್ಮಿತ್ ಅವರಿಂದ ಗೋಪಾಲನೆಯ ವಿಷಯಗಳನ್ನು ಕೇಳಿ ತಿಳಿದುಕೊಂಡರು. ತರುವಾಯ ಪಶು ಪೋಷಣೆಯ ಸಂಶೋಧನೆಗೆ ಇಜತ್‌ನಗರವು ಕೇಂದ್ರವಾಯಿತು, ಅಲ್ಲಿ ಕೆ. ಸಿ. ಸೇನ್ ಅವರು ಭಾರತದ ಮೇವುಗಳ ಪೋಷಕಮೌಲ್ಯಗಳನ್ನು ಕೋಷ್ಟಕರೂಪದಲ್ಲಿ ಸಂಗ್ರಹಿಸಿಕೊಟ್ಟರು. ಸ್ವಾತಂತ್ರ್ಯಾನಂತರ ೧೯೫೫ರಲ್ಲಿ ಕ್ಷೀರ ಸಂಶೋಧನೆಯ ಮುಖ್ಯ ಕಚೇರಿ ಬೆಂಗಳೂರಿನಿಂದ ಕರ್ನಾಲಿಗೆ ಸ್ಥಳಾಂತರಗೊಂಡಿತು.

೧೯೪೬ರ ಆಹಾರಾಭಾವದ ಸಂದರ್ಭದಲ್ಲಿ ಗಾಂಧಿಯವರು ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಮಾವಿನ ವಾಟೆಯ ತಿರುಳನ್ನು ಕುರಿತು ಬರೆದುದು ಇಲ್ಲಿ ಸ್ಮರಣೀಯ. ಜನರು ಎಸೆದುಬಿಡುವ ಈ ತಿರುಳು ಧಾನ್ಯಕ್ಕೂ ಮೇವಿಗೂ ಬದಲಾಗಿ ಒದಗಬಲ್ಲುದೆಂಬುದು ಅವರ ಸೂಚನೆ. ಹಣ್ಣಿನ ಉಳಿಕೆಯ ಪ್ರಶ್ನೆ ಪ್ರಯೋಗಶಾಲೆಯಿಂದ ಸಾರ್ವಜನಿಕ ಜೀವನಕ್ಕೆ ಬಂದ ಸಂದರ್ಭಗಳಲ್ಲಿ ಇದೊಂದು.

೪

ಇಷ್ಟು ಹೊತ್ತಿಗೆ ಬೇರೆ ದೇಶಗಳಲ್ಲಿ ಹಣ್ಣಿನ ಉಳಿಕೆ ಮನೆಯ ಬಾನಿಯನ್ನು ಬಿಟ್ಟು ಕಾರ್ಖಾನೆಯ ಅಂಗಳದಲ್ಲಿ ರಾಶಿಬೀಳತೊಡಗಿತ್ತು. ಹಣ್ಣನ್ನು ಒಂದೆಡೆ ಸಾವಿರಾರು ಮಣ ಸೇರಿಸಿ ಹಿಂಡುವ ಪದ್ಧತಿ ಬಂದ ಮೇಲೆಯೇ ತ್ಯಾಜ್ಯವೆಂಬ ಸಮಸ್ಯೆ ಹುಟ್ಟಿತೆನ್ನಬಹುದು. ಹವಾಯಿ ದ್ವೀಪಗಳಲ್ಲಿ ೧೯೧೧ರಲ್ಲಿ ಹೆನ್ರಿ ಜಿನಾಕಾ ಎಂಬ ಯಂತ್ರಶಿಲ್ಪಿಯು ಅನಾನಸಿನ ಸಿಪ್ಪೆ ಸುಲಿದು ನಡುದಿಂಡನ್ನು ತೆಗೆಯುವ ಯಂತ್ರವನ್ನು ನಿರ್ಮಿಸಿದನು. ಡಬ್ಬಿ ಕಾರ್ಖಾನೆಗಳ ಕೆಲಸ ಚುರುಕಾದಂತೆ ಸಿಪ್ಪೆಯ ರಾಶಿಯೂ ಬೆಳೆಯಿತು. ಅದನ್ನು ಒಣಗಿಸಿ ಅನಾನಸ್ ಬೂಸಾ ಮಾಡಿ ಹಾಲಿನ ದನಗಳಿಗೆ ಮಾರಿದರು.

ಫ್ಲಾರಿಡಾದ ಕಿತ್ತಳೆಯ ಕಥೆ ಇನ್ನೂ ವಿವರವಾದುದು. ಕಿತ್ತಳೆಯ ಹಿಪ್ಪೆಯನ್ನು ಒಣಗಿಸುವುದು ಸುಲಭವಲ್ಲ. ಅದರಲ್ಲಿರುವ ಪೆಕ್ಟಿನ್ ಎಂಬ ಅಂಟುಪದಾರ್ಥವು ನೀರನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಕೊಚ್ಚಿದ ಸಿಪ್ಪೆಗೆ ಸ್ವಲ್ಪ ಸುಣ್ಣವನ್ನು ಬೆರೆಸಿದರೆ ಆ ಹಿಡಿತ ಸಡಿಲುತ್ತದೆ. ಆಗ ಒತ್ತಿ ನೀರನ್ನು ಹೊರಡಿಸಬಹುದು. ಹೊರಟ ರಸವನ್ನು ಬತ್ತಿಸಿದರೆ ಒಂದು ಬಗೆಯ ಕಾಕಂಬಿ ದೊರೆಯುತ್ತದೆ. ಉಳಿದ ಹಿಪ್ಪೆಯನ್ನು ಬಿಸಿಗಾಳಿಯಲ್ಲಿ ಒಣಗಿಸಿದರೆ ಮೇವು ಸಿದ್ಧ. ೧೯೪೦ರ ದಶಕದಲ್ಲಿ ಘನೀಕರಿಸಿದ ಸಾಂದ್ರ ಕಿತ್ತಳೆರಸದ ತಯಾರಿಕೆ ಬಳಕೆಗೆ ಬಂದ ಮೇಲೆ ಹಿಂಡುವ ಹಣ್ಣಿನ ಪ್ರಮಾಣವು ಹೆಚ್ಚಿ, ಈ ಒಣಹಿಪ್ಪೆಯೂ ದೊಡ್ಡ ಉದ್ಯಮವಾಯಿತು.

೧೯೬೨ರ ಡಿಸೆಂಬರಿನಲ್ಲಿ ಫ್ಲಾರಿಡಾದ ತೋಟಗಳು ಕಡುಚಳಿಯಿಂದ ಭಾರಿ ಹಾನಿಗೊಳಗಾದುವು. ಅದೇ ಬ್ರೆಜಿಲಿನ ಕಿತ್ತಳೆರಸದ ಉದ್ಯಮದ ಏಳಿಗೆಗೆ ದಾರಿಯಾಯಿತು. ಅದೇ ಕಾಲಕ್ಕೆ ಯೂರೋಪಿನಲ್ಲಿ ಇನ್ನೊಂದು ಬದಲಾವಣೆ ನಡೆಯುತ್ತಿತ್ತು. ಅಲ್ಲಿನ ಆರ್ಥಿಕ ಸಮುದಾಯವು ೧೯೬೨ರಲ್ಲಿ ಜಾರಿಗೆ ತಂದ ಸಾಮಾನ್ಯ ಕೃಷಿ ನೀತಿಯಿಂದ ಧಾನ್ಯದ ಬೆಲೆ ಏರಿತು. ಆದರೆ ಎಣ್ಣೆಬೀಜ, ಹಿಂಡಿ ಮುಂತಾದ ಧಾನ್ಯೇತರ ಮೇವುಗಳ ಮೇಲಿನ ಆಮದು ಸುಂಕವು ಅಲ್ಪವಾಗಿಯೇ ಉಳಿಯಿತು. ತತ್ಫಲವಾಗಿ ಥಾಯ್ಲೆಂಡಿನ ಮರಗೆಣಸು, ಬ್ರೆಜಿಲಿನ ಕಿತ್ತಳೆ ಹಿಪ್ಪೆಯ ಗುಳಿಗೆ ಮೊದಲಾದುವು ಹಡಗುಗಳಲ್ಲಿ ಯೂರೋಪಿಗೆ ಹರಿದುವು. ಹೀಗೆ ಬ್ರೆಜಿಲಿನ ತೋಟದ ಹಣ್ಣಿನ ಸಿಪ್ಪೆಯು ಸಾಗರವನ್ನು ದಾಟಿ ಹಾಲೆಂಡಿನ ಹಸುಗಳ ಗೋದಲಿಯನ್ನು ಸೇರಿತು. ಒಣಗಿಸುವ ಯಂತ್ರ, ಇಂಧನ, ಬಂದರು ಇವೆಲ್ಲವನ್ನೂ ಹೂಡಬಲ್ಲವನಿಗೆ ಇದು ಲಾಭದ ವ್ಯಾಪಾರ. ತೋಟದ ಪಕ್ಕದಲ್ಲಿ ಎರಡು ಹಸು ಕಟ್ಟಿಕೊಂಡವನಿಗೆ ಈ ವ್ಯಾಪಾರದಲ್ಲಿ ಸ್ಥಾನವಿರಲಿಲ್ಲ.

ದೂರದ ವ್ಯಾಪಾರಕ್ಕೆ ದೂರದ ಅಪಾಯವೂ ಉಂಟು. ೧೯೯೮ರ ಮಾರ್ಚಿಯಲ್ಲಿ ಜರ್ಮನಿಯಲ್ಲಿ ಮಾರಾಟವಾದ ಹಾಲಿನಲ್ಲಿ ಡೈಆಕ್ಸಿನ್ ಎಂಬ ವಿಷಪದಾರ್ಥವು ಹೆಚ್ಚಾಗಿರುವುದು ಕಂಡುಬಂತು. ಮೂಲವನ್ನು ಹುಡುಕುತ್ತ ಹೋದಾಗ ಅದು ಬ್ರೆಜಿಲಿನ ಕಿತ್ತಳೆ ಹಿಪ್ಪೆಗೆ ತಲಪಿತು. ಹಿಪ್ಪೆಗೆ ಬೆರೆಸಿದ್ದ ಸುಣ್ಣವೇ ಕಲುಷಿತವಾಗಿತ್ತು. ಯೂರೋಪು ಆ ಆಮದನ್ನು ನಿಷೇಧಿಸಿತು. ನೀರು ಬಿಡಿಸಲೆಂದು ಸೇರಿಸಿದ ವಸ್ತುವಿನಿಂದಲೇ ವಿಷವೂ ಬಂದಿತೆಂಬುದು ಮೇವಿನ ಶುದ್ಧತೆಯ ವಿಷಯದಲ್ಲಿ ಎಲ್ಲರೂ ನೆನಪಿಡತಕ್ಕ ಪಾಠ.

೫

ಇದು ಪರದೇಶದ ಕಥೆಯಷ್ಟೇ ಎಂದು ಭಾವಿಸಲಾಗದು. ನಮ್ಮ ದೇಶದಲ್ಲಿಯೂ ಇದೇ ಕ್ರಮವನ್ನು ಎರಡು ಉದಾಹರಣೆಗಳಲ್ಲಿ ಕಾಣಬಹುದು.

ಮೊದಲನೆಯದು ಮಾವಿನ ವಾಟೆ. ಅದರ ತಿರುಳಿನಲ್ಲಿ ಪಿಷ್ಟವೂ ಕೊಬ್ಬೂ ಇವೆ. ಸಸಾರಜನಕ ಪದಾರ್ಥ ಕಡಮೆ. ಟ್ಯಾನಿನ್ ಎಂಬ ಒಗರಿನ ಅಂಶವಿರುವುದರಿಂದ ಅದನ್ನು ಮಿತವಾಗಿ ಮಾತ್ರ ದನಗಳಿಗೆ ತಿನ್ನಿಸಬೇಕು. ನೀರಿನಲ್ಲಿ ನೆನೆಸಿ ಒಗರನ್ನು ಕಡಮೆಮಾಡುವುದೂ ಉಂಟು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ನಮ್ಮ ಪಶು ಪೋಷಣಾ ತಜ್ಞರು ಇದನ್ನು ಧಾನ್ಯಕ್ಕೆ ಭಾಗಶಃ ಬದಲಾಗಿ ಪರೀಕ್ಷಿಸಿ ನೋಡಿದರು. ಆದರೆ ತಿರುಳಿನ ಕೊಬ್ಬು ಚಾಕೊಲೇಟಿನಲ್ಲಿ ಬಳಸುವ ಕೋಕೋ ಬೆಣ್ಣೆಯನ್ನು ಹೋಲುತ್ತದೆ. ಚಾಕೊಲೇಟಿಗೆ ಬೆರೆಸಬಹುದಾದ ಆರು ಸಸ್ಯಜನ್ಯ ಕೊಬ್ಬುಗಳನ್ನು ಯೂರೋಪಿಯನ್ ಒಕ್ಕೂಟವು ೨೦೦೦ದ ನಿರ್ದೇಶನದಲ್ಲಿ ಹೆಸರಿಸಿದಾಗ, ಮಾವಿನ ವಾಟೆಯ ಕೊಬ್ಬೂ ನಮ್ಮ ಪಶ್ಚಿಮಘಟ್ಟದ ಮುರುಗಲಿನ ಬೀಜದ ಕೊಬ್ಬೂ ಆ ಪಟ್ಟಿಯಲ್ಲಿದ್ದುವು. ೧೯೪೬ರಲ್ಲಿ ಹಸಿದವನ ಆಹಾರವೆಂದು ಸೂಚಿತವಾದ ವಸ್ತುವು ಸುಮಾರು ಅರ್ಧಶತಮಾನದಲ್ಲಿ ಮಿಠಾಯಿಯ ಕಚ್ಚಾವಸ್ತುವಾಯಿತು. ಇದರಲ್ಲಿ ತಪ್ಪೇನೂ ಇಲ್ಲ; ವಾಟೆಯನ್ನು ಆಯುವ ಕೈಗಳಿಗೆ ಕೂಲಿ ದೊರೆಯುತ್ತದೆ. ಆದರೆ ಕೊಟ್ಟಿಗೆಯ ದೃಷ್ಟಿಯಿಂದ ಅದು ದೂರ ಸರಿದ ವಸ್ತುವೇ ಸರಿ.

ಎರಡನೆಯದು ಸಕ್ಕರೆ ಕಾರ್ಖಾನೆಯ ಕಾಕಂಬಿ. ಇದು ಹಣ್ಣಿನ ಉಳಿಕೆಯಲ್ಲವಾದರೂ ಹೋಲಿಕೆಗೆ ಯೋಗ್ಯ. ದನಗಳಿಗೆ ಶಕ್ತಿಯನ್ನು ಕೊಡುವ ಅಗ್ಗದ ಪದಾರ್ಥಗಳಲ್ಲಿ ಇದು ಮುಖ್ಯ. ೧೯೮೦ರ ದಶಕದಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯು ಯೂರಿಯಾ ಮತ್ತು ಖನಿಜಗಳೊಡನೆ ಇದನ್ನು ಸೇರಿಸಿ, ದನಗಳು ನೆಕ್ಕುವ ಇಟ್ಟಿಗೆಗಳನ್ನು ಪ್ರಚಾರಕ್ಕೆ ತಂದಿತು. ಆದರೆ ಮದ್ಯಸಾರ ತಯಾರಿಸುವವರಿಗೂ ಕಾಕಂಬಿಯೇ ಬೇಕು. ೧೯೬೧ರಷ್ಟು ಹಿಂದೆಯೇ ಕಾಕಂಬಿ ನಿಯಂತ್ರಣಾಜ್ಞೆ ಹೊರಟಿತ್ತು. ಈಗ ಪೆಟ್ರೋಲಿಗೆ ಎಥನಾಲ್ ಬೆರೆಸುವ ನೀತಿಯಿಂದ ಬೇಡಿಕೆ ಇನ್ನೂ ಹೆಚ್ಚಿದೆ. ಈ ಪೈಪೋಟಿಯಲ್ಲಿ ಹಸುವಿನ ಪರವಾಗಿ ಹೆಚ್ಚು ಬೆಲೆ ಕೂಗುವವರು ಇಲ್ಲ.

೬

ಹಾಗಾದರೆ ಸಣ್ಣ ರೈತನಿಗೆ ದಾರಿಯೇ ಇಲ್ಲವೆ? ಇದೆ. ಅದನ್ನು ತಿಳಿಯಲು ಮೊದಲು ಒಂದು ಸರಳ ಲೆಕ್ಕವನ್ನು ನೋಡಬೇಕು.

ಹಣ್ಣಿನ ಹಸಿ ಸಿಪ್ಪೆಯಲ್ಲಿ ನೀರಿನ ಪ್ರಮಾಣ ಶೇಕಡಾ ೮೦ ಎಂದಿಟ್ಟುಕೊಳ್ಳೋಣ. ನೂರು ಕಿಲೋಗ್ರಾಂ ಸಿಪ್ಪೆಯನ್ನು ಒಂದು ಹಳ್ಳಿಗೆ ಸಾಗಿಸಿದರೆ ಬಾಡಿಗೆಯ ಎಂಬತ್ತು ಪಾಲು ನೀರಿಗೇ ತೆತ್ತಂತೆ. ಒಣಗಿಸಿ ತೇವವನ್ನು ಶೇಕಡಾ ೧೦ಕ್ಕೆ ಇಳಿಸಬೇಕಾದರೆ ಸುಮಾರು ೭೮ ಕಿಲೋಗ್ರಾಂ ನೀರನ್ನು ಆವಿಮಾಡಬೇಕು; ಕೈಗೆ ದೊರೆಯುವುದು ಸುಮಾರು ೨೨ ಕಿಲೋಗ್ರಾಂ. ಈ ಇಂಧನದ ವೆಚ್ಚವೇ ಒಣಗಿಸುವ ಕೆಲಸವನ್ನು ದೊಡ್ಡ ಬಂಡವಾಳಗಾರರ ಸ್ವತ್ತನ್ನಾಗಿ ಮಾಡಿತು. ಬಿಸಿಲಿಗೆ ಹರಡಿ ಒಣಗಿಸೋಣವೆಂದರೆ ಹಣ್ಣುಗಳ ಕಾಲ ಮುಗಿಯುವುದರೊಳಗೆ ಮಳೆ ಬರುತ್ತದೆ. ಸಕ್ಕರೆಯ ಅಂಶವುಳ್ಳ ಸಿಪ್ಪೆಗೆ ಬೂಷ್ಟು ಹಿಡಿಯಲು ಎರಡು ದಿನ ಸಾಕು.

ಒಣಗಿಸದೆ ಕೆಡದಂತೆ ಇಡುವ ಉಪಾಯವೇ ರಸಮೇವು, ಅಂದರೆ ಸೈಲೇಜ್. ಫ್ರಾನ್ಸಿನ ಆಗಸ್ಟ್ ಗೋಫಾರ್ ಎಂಬ ಜಮೀನುದಾರನು ಮುಸುಕಿನ ಜೋಳದ ಹಸಿ ಮೇವನ್ನು ಗುಂಡಿಯಲ್ಲಿ ಒತ್ತಿ ತುಂಬಿ ಕಾಪಾಡುವ ವಿಧಾನವನ್ನು ೧೮೭೭ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಇದರ ತತ್ತ್ವ ಸರಳವಾದುದು. ಗಾಳಿಯಾಡದಂತೆ ಬಿಗಿಯಾಗಿ ಒತ್ತಿದ ಮೇವಿನಲ್ಲಿ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಹುಳಿಯನ್ನಾಗಿ ಮಾರ್ಪಡಿಸುತ್ತವೆ. ಹುಳಿ ಹೆಚ್ಚಿದೊಡನೆ ಕೊಳೆಸುವ ಜೀವಿಗಳು ಅಡಗುತ್ತವೆ. ನಮ್ಮ ಮನೆಗಳ ಉಪ್ಪಿನಕಾಯಿಯ ಭರಣಿಯಲ್ಲಿ ಗಾಳಿ ಸೋಕದಂತೆ ನೋಡಿಕೊಳ್ಳುವ ಎಚ್ಚರವೇ ಇಲ್ಲಿಯೂ ಬೇಕು. ಸಕ್ಕರೆ ಹೇರಳವಾಗಿರುವ ಹಣ್ಣಿನ ಸಿಪ್ಪೆಗೆ ಈ ಕ್ರಮವು ಸ್ವಭಾವತಃ ಒಗ್ಗುತ್ತದೆ. ತೊಡಕೆಂದರೆ ನೀರು ಹೆಚ್ಚು.

ಈ ತೊಡಕಿಗೆ ಪರಿಹಾರ ಬೆಂಗಳೂರಿನಲ್ಲಿಯೇ ಸಿದ್ಧವಾದುದು ಸಂತೋಷದ ಸಂಗತಿ. ೧೯೯೫ರಲ್ಲಿ ಆಡುಗೋಡಿಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅನಾನಸಿನ ಉಳಿಕೆಯನ್ನು ಕುರಿತು ಪ್ರಯೋಗಗಳನ್ನು ನಡೆಸಿದರು. ಹಣ್ಣಿನ ಜುಟ್ಟಿನ ಎಲೆ ನಾಲ್ಕು ಪಾಲು, ಸಿಪ್ಪೆ ಮತ್ತು ಹಿಪ್ಪೆ ಒಂದು ಪಾಲು ಸೇರಿಸಿ, ತೇವವನ್ನು ಶೇಕಡಾ ೬೫ಕ್ಕೆ ತಂದು, ಗಾಳಿಯಾಡದಂತೆ ೨೦ ದಿನಗಳವರೆಗೆ ಇಟ್ಟರೆ ಉತ್ತಮ ರಸಮೇವಾಗುವುದೆಂದು ಅವರು ಕಂಡುಕೊಂಡರು. ಅದರ ಪಿ.ಎಚ್. ಅಂಕ ೪.೨ರಿಂದ ೪.೩ರಷ್ಟಿತ್ತು. ಇದನ್ನು ತಿಂದ ಕುರಿಗಳ ಬೆಳವಣಿಗೆಯು ಮುಸುಕಿನ ಜೋಳದ ರಸಮೇವು ತಿಂದವುಗಳಿಗಿಂತ ಕಡಮೆಯಾಗಲಿಲ್ಲ. ಬನವಾಸಿ, ಶಿರಸಿ, ಸೊರಬಗಳ ಸುತ್ತ ಅನಾನಸ್ ಬೆಳೆಯುವ ನಮ್ಮ ನಾಡಿಗೆ ಈ ಫಲಿತಾಂಶದ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ.

ಜುಟ್ಟಿಲ್ಲದ ಇತರ ಹಣ್ಣುಗಳ ಸಿಪ್ಪೆಗೆ ಒಣಹುಲ್ಲನ್ನು ಬೆರೆಸಬಹುದು. ಶೇಕಡಾ ೮೦ ನೀರುಳ್ಳ ನೂರು ಕಿಲೋಗ್ರಾಂ ಸಿಪ್ಪೆಗೆ ಸುಮಾರು ೨೭ ಕಿಲೋಗ್ರಾಂ ಕತ್ತರಿಸಿದ ಒಣಹುಲ್ಲನ್ನು ಸೇರಿಸಿದರೆ ತೇವವು ಶೇಕಡಾ ೬೫ಕ್ಕೆ ಇಳಿಯುತ್ತದೆಂದು ಲೆಕ್ಕದಿಂದ ತಿಳಿಯುತ್ತದೆ. ಹುಲ್ಲು ರೈತನ ಬಣವೆಯಲ್ಲಿಯೇ ಇದೆ. ಬೇಕಾದುದು ಒಂದು ಗುಂಡಿ ಅಥವಾ ಬಿಗಿಯಾಗಿ ಮುಚ್ಚುವ ಡ್ರಮ್ಮು, ಮೇಲೆ ಹೊದಿಸಲು ಪ್ಲಾಸ್ಟಿಕ್ ಹಾಳೆ. ಇಂಧನ ಬೇಡ, ಯಂತ್ರ ಬೇಡ.

ಆದರೂ ಒಂದು ಎಚ್ಚರಿಕೆ ಅಗತ್ಯ. ಹಣ್ಣಿನ ಸಿಪ್ಪೆ ಶಕ್ತಿಯನ್ನು ಕೊಡುತ್ತದೆಯೇ ಹೊರತು ಸಾಕಷ್ಟು ಸಸಾರಜನಕವನ್ನು ಕೊಡುವುದಿಲ್ಲ. ಭತ್ತದ ಹುಲ್ಲಿನಲ್ಲಿಯೂ ಅದು ಶೇಕಡಾ ೩–೪ರಷ್ಟು ಮಾತ್ರ. ಮೆಲುಕುಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಚೆನ್ನಾಗಿ ಕೆಲಸಮಾಡಲು ಮೇವಿನಲ್ಲಿ ಶೇಕಡಾ ೭ರಷ್ಟಾದರೂ ಸಸಾರಜನಕ ಪದಾರ್ಥವಿರಬೇಕು. ಆದಕಾರಣ ಇದರ ಜೊತೆಗೆ ಸ್ವಲ್ಪ ಹಿಂಡಿಯನ್ನೋ ಹುರುಳಿಯ ಹೊಟ್ಟನ್ನೋ ಅಗಸೆ, ಗ್ಲಿರಿಸಿಡಿಯಾಗಳಂಥ ಸೊಪ್ಪನ್ನೋ ಕೊಡಲೇಬೇಕು. ಬೂಷ್ಟು ಹಿಡಿದುದನ್ನು ಎಷ್ಟು ಅಗ್ಗವಾದರೂ ಕೊಡಬಾರದು. ಒಮ್ಮೆಗೇ ಹೆಚ್ಚು ಕೊಡದೆ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ರೂಢಿಮಾಡಿಸಬೇಕು. ಸಕ್ಕರೆ ಹೆಚ್ಚಾದರೆ ದನದ ಹೊಟ್ಟೆ ಹುಳಿತು ಪ್ರಾಣಾಪಾಯವಾಗುವುದೂ ಉಂಟು.

೭

ಮೇಲಿನ ಪರಿಶೀಲನೆಯಿಂದ ಹೊರಡುವ ನಿರ್ಣಯಗಳನ್ನು ಈಗ ಸಂಗ್ರಹವಾಗಿ ಹೇಳಬಹುದು.

ಹಣ್ಣಿನ ಉಳಿಕೆಯನ್ನು ದೂರ ಸಾಗಿಸಬಲ್ಲ ಒಣಸರಕನ್ನಾಗಿ ಮಾಡಿದಲ್ಲೆಲ್ಲ ಅದು ಹೆಚ್ಚು ಬೆಲೆ ಕೊಡಬಲ್ಲವನ ಪಾಲಾಗಿದೆ. ಅದನ್ನು ಹಸಿಯಾಗಿಯೇ, ಹುಟ್ಟಿದ ಸ್ಥಳದ ಸಮೀಪದಲ್ಲಿಯೇ, ಅಲ್ಪ ವೆಚ್ಚದಲ್ಲಿ ಕಾಪಾಡಿದಲ್ಲಿ ಮಾತ್ರ ಅದು ಸಣ್ಣ ರೈತನ ಗೋದಲಿಗೆ ಬೀಳುವ ಸಂಭವವಿದೆ. ನೀರಿನ ಭಾರವು ವ್ಯಾಪಾರಿಗೆ ಶತ್ರು. ನೆರೆಯ ರೈತನಿಗೆ ಅದೇ ರಕ್ಷಣೆ.

ಇದಕ್ಕೆ ಒಂದು ಆಕ್ಷೇಪಣೆಯನ್ನು ನಾವೇ ಎತ್ತಿಕೊಳ್ಳುತ್ತೇವೆ. ಕಾರ್ಖಾನೆಯವನು ಇಂದು ಧರ್ಮಕ್ಕೆ ಕೊಡುವ ಸಿಪ್ಪೆಗೆ, ರೈತರು ಅದನ್ನು ಬಳಸತೊಡಗಿದೊಡನೆ, ನಾಳೆ ಬೆಲೆ ಕೇಳಿಯಾನು. ಆಗ ಈ ರಕ್ಷಣೆಯೂ ಉಳಿಯದು. ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಇದಕ್ಕೆ ತಂತ್ರವಿದ್ಯೆಯಲ್ಲಿ ಉತ್ತರವಿಲ್ಲ, ಉತ್ತರವಿರುವುದು ಒಪ್ಪಂದದಲ್ಲಿ. ಹಾಲು ಉತ್ಪಾದಕರ ಸಹಕಾರ ಸಂಘಗಳು ಹಳ್ಳಿಹಳ್ಳಿಗೂ ಹರಡಿರುವ ನಮ್ಮ ರಾಜ್ಯದಲ್ಲಿ ಒಬ್ಬೊಬ್ಬ ರೈತನು ಕಾರ್ಖಾನೆಯ ಬಾಗಿಲಲ್ಲಿ ನಿಲ್ಲುವುದಕ್ಕಿಂತ, ಸಂಘವೇ ವರ್ಷದ ಮೊದಲಿಗೆ ಉಳಿಕೆಯ ಪ್ರಮಾಣವನ್ನೂ ಬೆಲೆಯನ್ನೂ ಗೊತ್ತುಮಾಡಿಕೊಳ್ಳುವುದು ಸಾಧ್ಯ. ಸಿಪ್ಪೆಯ ವಿಲೇವಾರಿ ಕಾರ್ಖಾನೆಗೂ ಖರ್ಚಿನ ಬಾಬೇ ಆಗಿರುವುದರಿಂದ ಮಾತುಕತೆಗೆ ಅವಕಾಶವಿದ್ದೇ ಇದೆ.

ಕಡೆಯದಾಗಿ ಚರಿತ್ರೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಕೊಟ್ಟಿಗೆಯ ಚರಿತ್ರೆಗೆ ಶಾಸನಗಳಿಲ್ಲವೆಂದು ನಾವು ಮೊದಲಿಗೇ ಹೇಳಿದೆವು. ಆದರೆ ಕಲಗಚ್ಚಿನ ಬಾನಿಗೆ ಏನೇನು ಬೀಳುತ್ತಿತ್ತು, ಬರಗಾಲದಲ್ಲಿ ಯಾವ ಸೊಪ್ಪು, ಯಾವ ಕಾಯಿ, ಯಾವ ಬೀಜ ದನಗಳ ಜೀವವನ್ನು ಉಳಿಸಿತು ಎಂಬುದನ್ನು ಬಲ್ಲ ಹಿರಿಯರು, ಅದರಲ್ಲಿಯೂ ಹೆಂಗಸರು, ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಬೇಸಗೆಯ ರಜೆಯಲ್ಲಿ ಊರಿಗೆ ಹೋದ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದೊಂದು ಹಳ್ಳಿಯ ಇಂತಹ ವಿವರಗಳನ್ನು ಕೇಳಿ ಬರೆದುಕೊಂಡು ಬಂದರೆ, ಮುಂದಿನ ಸಂಶೋಧಕರಿಗೆ ಅದೇ ದೊಡ್ಡ ಆಧಾರವಾದೀತು. ಮೇವಿನ ಮುಂದಿನ ಪ್ರಯೋಗಗಳಿಗೂ ಅದರಿಂದ ಪ್ರಯೋಜನವಾಗದೆ ಇರದು.